ಮಡಕೆಯೂ ಸುಟ್ಟ ಮಣ್ಣು, ಲಕ್ಷಗಟ್ಟಲೆಯ ಸ್ಪೀಕರೂ ಸುಟ್ಟ ಮಣ್ಣು

ನಮ್ಮ ಕಡೆ ಮೂವತ್ತೈದು ದಾಟಿದ ಯಾರನ್ನಾದರೂ ಮಡಕೆ ಸ್ಪೀಕರ್ ಬಗ್ಗೆ ಕೇಳಿ ನೋಡಿ, ಮುಖ ಅರಳುತ್ತದೆ. ಕೆಟ್ಟ ಟೀವಿಯಿಂದಲೋ ಟೇಪ್‌ರೆಕಾರ್ಡರ್‌ನಿಂದಲೋ ಬಿಚ್ಚಿದ ಒಂದು ಸ್ಪೀಕರ್, 4440 ಐಸಿ ಕೂರಿಸಿದ ಒಂದು ಬೋರ್ಡು, 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಅಡುಗೆಮನೆಯಿಂದ ಅಮ್ಮನ ಕಣ್ತಪ್ಪಿಸಿ ತಂದ ಒಂದು ಮಡಕೆ. ಸ್ಪೀಕರನ್ನು ಮಡಕೆಯ ಬಾಯಿ ಮೇಲೆ ಅಂಗಾತ ಕೂರಿಸಿದರೆ ಆಯಿತು. ಅಲ್ಲಿಯವರೆಗೆ ಕೀರಲಾಗಿ ಹಾಡುತ್ತಿದ್ದ ಡಬ್ಬ ಇದ್ದಕ್ಕಿದ್ದಂತೆ ಗಂಡುದನಿಯಲ್ಲಿ ಹಾಡತೊಡಗುತ್ತಿತ್ತು. ಆರು ವ್ಯಾಟಿನ ಆ ಬೋರ್ಡಿಗೆ ಇಡೀ ಕೇರಿಯೇ ಶ್ರೋತೃವರ್ಗ.

ಅತ್ತ ಜರ್ಮನಿಯಲ್ಲಿ ಥೀಲ್ ಅಂಡ್ ಪಾರ್ಟ್ನರ್ ಅನ್ನುವ ಕಂಪನಿ ‘ಅಕ್ಯುಟಾನ್’ ಹೆಸರಿನಲ್ಲಿ ಸ್ಪೀಕರ್ ಡ್ರೈವರ್‌ಗಳನ್ನು ಮಾಡುತ್ತದೆ. ಅದರ ಕೋನು ಕಾಗದದ್ದಲ್ಲ, ಪ್ಲಾಸ್ಟಿಕ್ಕಿನದಲ್ಲ. ಬೆಳ್ಳಗೆ ಹೊಳೆಯುವ ಸೆರಾಮಿಕ್, ಅಂದರೆ ಸುಟ್ಟು ಗಟ್ಟಿ ಮಾಡಿದ ಅಲ್ಯೂಮಿನಿಯಂ ಆಕ್ಸೈಡ್. ಒಂದೊಂದು ಡ್ರೈವರಿಗೆ ಹತ್ತಾರು ಸಾವಿರ ರೂಪಾಯಿ. ಸ್ವೀಡನ್ನಿನ ಮಾರ್ಟೆನ್, ನೆದರ್‌ಲೆಂಡ್ಸಿನ ಖಾರ್ಮಾದಂಥ ಕಂಪನಿಗಳು ಇಂಥ ಡ್ರೈವರ್‌ಗಳನ್ನು ಹಾಕಿ ಮಾಡಿದ ಸ್ಪೀಕರ್ ಜೋಡಿಗಳ ಬೆಲೆ ಲಕ್ಷಗಟ್ಟಲೆ. ತುಮಕೂರಿನಲ್ಲಿ ಒಂದು ಸೈಟು ಕೊಳ್ಳುವ ದುಡ್ಡಿಗೆ ಅವರು ಎರಡು ಪೆಟ್ಟಿಗೆ ಕೊಡುತ್ತಾರೆ.

ಬೆಲೆ ಎಷ್ಟೇ ದೂರವಿರಲಿ, ಮಡಕೆಗೂ ಆ ಬಿಳಿ ಕೋನಿಗೂ ಇರುವ ನೆಂಟಸ್ತಿಕೆ ತುಂಬಾ ಹತ್ತಿರದ್ದು. ಎರಡೂ ಬೆಂಕಿಯಲ್ಲಿ ಸುಟ್ಟ ಮಣ್ಣೇ. ಈ ನೆಂಟಸ್ತಿಕೆ ಅರ್ಥವಾದರೆ ನಮ್ಮ ಊರುಗಳ ಧ್ವನಿವರ್ಧಕದ ಗೋಳು ಎಲ್ಲಿದೆ ಅನ್ನುವುದೂ ಅರ್ಥವಾಗುತ್ತದೆ ಅಂತ ನನ್ನ ವಾದ. ಒಂದೇ ಮಾತಲ್ಲಿ ಹೇಳುವುದಾದರೆ, ನಾವು ಸದ್ದಿಗೆ ದುಡ್ಡು ಕೊಡುತ್ತಿದ್ದೇವೆ, ಕೇಳಿಸುವಿಕೆಗೆ ಕೊಡುತ್ತಿಲ್ಲ.

ಮೊದಲು ಈ ‘ಸೆರಾಮಿಕ್’ ಅನ್ನುವ ಪದವನ್ನು ಬಿಡಿಸಿಕೊಳ್ಳೋಣ. ಅಂಗಡಿಯವನು ‘ಸೆರಾಮಿಕ್ ಸ್ಪೀಕರ್’ ಅಂದರೆ ಮೂರರಲ್ಲಿ ಒಂದು ಅರ್ಥ ಇರುತ್ತದೆ.

ಮೊದಲನೆಯದು ಅಯಸ್ಕಾಂತ. ಸ್ಪೀಕರಿನ ಬೆನ್ನಿಗೆ ಅಂಟಿರುವ ಕಪ್ಪು ಬಿಲ್ಲೆ ಇದೆಯಲ್ಲ, ಅದು ಲೋಹವಲ್ಲ. ಕಬ್ಬಿಣದ ಆಕ್ಸೈಡಿಗೆ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಸಂಯುಕ್ತ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು ಮಾಡಿದ ಫೆರೈಟ್. ಇಟ್ಟಿಗೆ ಸುಡುವ ಕೆಲಸದ ದೊಡ್ಡಣ್ಣ ಅನ್ನಿ. ಹಾಲೆಂಡಿನ ಫಿಲಿಪ್ಸ್ ಕಂಪನಿಯ ವಿಜ್ಞಾನಿಗಳು 1952ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಒಳ್ಳೆಯ ಸ್ಪೀಕರ್‌ಗಳಲ್ಲಿ ಅಲ್ನಿಕೊ ಇರುತ್ತಿತ್ತು, ಅಂದರೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಲೋಹ. 1978ರಲ್ಲಿ ಆಫ್ರಿಕಾದ ಜೈರೆಯ ಗಣಿ ಪ್ರದೇಶದಲ್ಲಿ ಯುದ್ಧ ಎದ್ದು ಕೋಬಾಲ್ಟ್ ಬೆಲೆ ಮುಗಿಲು ಮುಟ್ಟಿದ ಮೇಲೆ ಜಗತ್ತಿನ ಬಹುತೇಕ ಸ್ಪೀಕರ್ ಕಂಪನಿಗಳು ಅಗ್ಗದ ಫೆರೈಟಿಗೆ ಹೊರಳಿದವು. ನಮ್ಮ ಹಳ್ಳಿಯ ಟೇಪ್‌ರೆಕಾರ್ಡರಿನ ಸ್ಪೀಕರು ಅಷ್ಟು ಅಗ್ಗವಾಗಿ ಸಿಕ್ಕಿದ್ದರ ಹಿಂದೆ ಈ ಸುಟ್ಟ ಬಿಲ್ಲೆ ಇದೆ.

ಎರಡನೆಯದು ಪೀಜೊ ಟ್ವೀಟರ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ತೋರಿಸಿದ್ದರು. ಅದನ್ನೇ ತಿರುಗಿಸಿ, ವಿದ್ಯುತ್ ಕೊಟ್ಟು ಸೆರಾಮಿಕ್ ಬಿಲ್ಲೆಯನ್ನು ನಡುಗಿಸಿದರೆ ಸದ್ದು ಬರುತ್ತದೆ. ಆಟೋದ ಹಿಂದೆ, ಡಿಜೆ ಬಾಕ್ಸಿನ ಮೇಲೆ ‘ಚಿಸ್ ಚಿಸ್’ ಅನ್ನುವ ಕಪ್ಪು ಪ್ಲಾಸ್ಟಿಕ್ ಕಹಳೆಗಳಲ್ಲಿ ಬಹಳಷ್ಟು ಇದೇ ಜಾತಿ. ಅಗ್ಗ, ಬೇಗ ಸುಡುವುದಿಲ್ಲ, ಆದರೆ ಕಿವಿಗೆ ಸೂಜಿ.

ಮೂರನೆಯದು ನಾನು ಮೇಲೆ ಹೇಳಿದ ದುಬಾರಿ ಕೋನು. ಗಾಳಿಯನ್ನು ತಳ್ಳುವ ಭಾಗವೇ ಸೆರಾಮಿಕ್ ಆಗಿರುವುದು. ಇನ್ನು ಕೆಲವು ಕಂಪನಿಗಳು ಲೋಹದ ಕೋನಿನ ಮೇಲೆ ಸೆರಾಮಿಕ್ ಪದರ ಕೊಡುತ್ತವೆ. ಇಂಗ್ಲೆಂಡಿನ ಮಾನಿಟರ್ ಆಡಿಯೊ ‘ಸಿ-ಕ್ಯಾಮ್’ ಅನ್ನುವುದು ಅಂಥದ್ದು.

ಮೂರಕ್ಕೂ ಒಂದೇ ಹೆಸರು ಇರುವುದರಿಂದ ವ್ಯಾಪಾರಕ್ಕೆ ಅನುಕೂಲ. ಇನ್ನೂರು ರೂಪಾಯಿಯ ಮಾಲಿಗೂ ಎರಡು ಲಕ್ಷದ ಮಾಲಿಗೂ ಒಂದೇ ಪದ ಅಂಟಿಸಬಹುದು. ನೀವು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಿಡಿಭಾಗ ತರಲು ಹೋದಾಗ ಯಾರಾದರೂ ‘ಸೆರಾಮಿಕ್ ಸಾರ್’ ಅಂದರೆ, ಅದರಲ್ಲಿ ಸೆರಾಮಿಕ್ ಇರುವುದು ಬೆನ್ನಿಗೋ, ಬಾಯಿಗೋ ಅಂತ ಕೇಳಿ.

ಈಗ ಆ ದುಬಾರಿ ಕೋನಿನಲ್ಲಿ ನಿಜವಾಗಿ ಏನಿದೆ? ಸುಮ್ಮನೆ ಶ್ರೀಮಂತರ ಶೋಕಿ ಅಂತ ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಸ್ಪೀಕರಿನ ಕೋನು ಒಂದು ಪಿಸ್ಟನ್ನಿನ ಹಾಗೆ ಇಡಿಯಾಗಿ ಹಿಂದೆ ಮುಂದೆ ಚಲಿಸಬೇಕು. ಕಾಗದದ ಕೋನು ಸ್ವರ ಮೇಲೇರುತ್ತಿದ್ದಂತೆ ಹಾಗೆ ಮಾಡುವುದಿಲ್ಲ. ನಡು ಒಂದು ಕಡೆ ಹೋದರೆ ಅಂಚು ಇನ್ನೊಂದು ಕಡೆ ಹೋಗುತ್ತದೆ. ಒದ್ದೆ ಹಪ್ಪಳ ಕೈಯಲ್ಲಿ ಹಿಡಿದು ಅಲ್ಲಾಡಿಸಿದ ಹಾಗೆ. ಅಲ್ಯೂಮಿನಿಯಂ ಆಕ್ಸೈಡ್ ಆದರೋ ಅಲ್ಯೂಮಿನಿಯಂ ಲೋಹಕ್ಕಿಂತ ಸುಮಾರು ಐದು ಪಟ್ಟು ಬಿಗಿ, ತೂಕ ಒಂದೂವರೆ ಪಟ್ಟಿಗಿಂತ ಕೊಂಚ ಕಡಿಮೆ. ಅದರೊಳಗೆ ಶಬ್ದ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಗಾಳಿಯಲ್ಲಿ ಅದು ಸುಮಾರು 340 ಮೀಟರ್ ಮಾತ್ರ. ಹಾಗಾಗಿ ಸೆರಾಮಿಕ್ ಕೋನು ತನ್ನ ಕೆಲಸದ ವ್ಯಾಪ್ತಿಯಲ್ಲಿ ಬಳುಕುವುದಿಲ್ಲ. ಪಿಟೀಲಿನ ಎಳೆ, ತಂಬೂರಿಯ ಝೇಂಕಾರ, ಉಸಿರು ತೆಗೆದುಕೊಂಡ ಸದ್ದು ಎಲ್ಲ ಬಿಡಿಬಿಡಿಯಾಗಿ ಕೇಳುತ್ತದೆ. ಇದು ನಿಜ.

ಆದರೆ ಇದಕ್ಕೊಂದು ಇನ್ನೊಂದು ಮಗ್ಗುಲಿದೆ, ಅದನ್ನು ಮಡಕೆ ಕೊಳ್ಳುವ ಯಾವ ಹೆಂಗಸಾದರೂ ಹೇಳಬಲ್ಲಳು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇವೆ. ‘ಠಣ್’ ಅಂದರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ ಅಂತ ಅರ್ಥ. ಚೆನ್ನಾಗಿ ಬೆಂದ ಮಣ್ಣು ಬಡಿದರೆ ಹಾಡುತ್ತದೆ, ಬೇಗ ಸುಮ್ಮನಾಗುವುದಿಲ್ಲ. ಘಟವಾದ್ಯ ನಿಂತಿರುವುದೇ ಈ ಗುಣದ ಮೇಲೆ. ಆದರೆ ಸ್ಪೀಕರಿನ ಕೋನು ತನ್ನದೇ ಹಾಡು ಹಾಡಬಾರದು, ಬೇರೆಯವರ ಹಾಡನ್ನು ದಾಟಿಸಿ ಸುಮ್ಮನಿರಬೇಕು. ಸೆರಾಮಿಕ್ ಕೋನಿಗೂ ತನ್ನದೇ ಒಂದು ‘ಠಣ್’ ಇದೆ. ಅದು ಕೆಲವು ಸಾವಿರ ಹರ್ಟ್ಸ್‌ಗಳಾಚೆ ಚೂಪಾಗಿ ಎದ್ದು ನಿಲ್ಲುತ್ತದೆ. ಆ ಮೊನೆಯನ್ನು ಮುರಿಯಲು ಕ್ರಾಸ್ಓವರಿನಲ್ಲಿ ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಲೆಕ್ಕ ಹಾಕಿ ಜೋಡಿಸಲೇಬೇಕು. ಲೆಕ್ಕ ತಪ್ಪಿದರೆ ಲಕ್ಷ ರೂಪಾಯಿಯ ಡ್ರೈವರು ಐನೂರರ ಟ್ವೀಟರಿಗಿಂತ ಕಟುವಾಗಿ ಕೂಗುತ್ತದೆ. ಕಾಗದದ ಕೋನು ಬಳುಕುತ್ತದೆ ನಿಜ, ಆದರೆ ಆ ಬಳುಕನ್ನು ತನ್ನ ನಾರಿನಲ್ಲೇ ನುಂಗಿಕೊಳ್ಳುತ್ತದೆ. ಸಾಧು ಪ್ರಾಣಿ.

ಬಿದ್ದರೆ ಏನಾಗುತ್ತದೆ ಅನ್ನುವುದೂ ಮುಖ್ಯ. ಕಾಗದದ ಕೋನು ಹರಿದರೆ ರಿಪೇರಿಯವರು ಹೊಸ ಕೋನು, ಹೊಸ ಕಾಯಿಲ್ ಅಂಟಿಸಿ ಸಂಜೆಗೆ ಕೊಡುತ್ತಾರೆ. ಸೆರಾಮಿಕ್ ಒಡೆದರೆ ಚಹಾ ಕಪ್ಪು ಒಡೆದ ಹಾಗೆ, ಗುಡಿಸಿ ಹಾಕಬೇಕು. ಅದಕ್ಕೇ ಆ ಕಂಪನಿಗಳು ಕೋನಿನ ಮುಂದೆ ಲೋಹದ ಜಾಲರಿ ಕೂರಿಸಿರುತ್ತವೆ. ನಮ್ಮ ಊರಿಗೆ ಬೇಕಾದ್ದು ರಿಪೇರಿಯಾಗುವ ವಸ್ತು. ಇದು ಬಡತನದ ಮಾತಲ್ಲ, ಬುದ್ಧಿಯ ಮಾತು.

ಇನ್ನು ಮಡಕೆಗೆ ಬರೋಣ. ಮಡಕೆ ಯಾಕೆ ಕೆಲಸ ಮಾಡುತ್ತಿತ್ತು? ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದರೆ ಕೋನು ಮುಂದಕ್ಕೆ ಗಾಳಿ ಒತ್ತಿದಾಗ ಬೆನ್ನ ಹಿಂದೆ ಗಾಳಿ ಸೆಳೆದುಕೊಳ್ಳುತ್ತದೆ. ಮುಂದಿನದು ಸುತ್ತಿ ಹಿಂದಕ್ಕೆ ಹೋಗಿ ಒಂದನ್ನೊಂದು ಅಳಿಸಿಬಿಡುತ್ತವೆ. ಮಂದ್ರದ ಸ್ವರಗಳೆಲ್ಲ ಹೀಗೇ ಸತ್ತುಹೋಗುತ್ತವೆ. ಮಡಕೆ ಬೆನ್ನ ಗಾಳಿಯನ್ನು ಒಳಗೆ ಕೂಡಿಹಾಕುತ್ತದೆ. ಅಷ್ಟೇ ಅದರ ಗುಟ್ಟು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಇವತ್ತಿನ ಸ್ಪೀಕರಿನ ಮಾದರಿಯನ್ನು ಪ್ರಕಟಿಸಿದಾಗಲೂ ಹಿಂದು-ಮುಂದಿನ ಗಾಳಿಯನ್ನು ಬೇರೆ ಮಾಡುವುದು ಅವರಿಗೆ ದೊಡ್ಡ ಪ್ರಶ್ನೆಯಾಗಿತ್ತು.

ಮಡಕೆಯ ಆಕಾರಕ್ಕೂ ಒಂದು ಹೆಚ್ಚುಗಾರಿಕೆ ಇದೆ. 1951ರಲ್ಲಿ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಒಂದೇ ಸ್ಪೀಕರನ್ನು ಡಬ್ಬ, ಕೊಳವೆ, ಶಂಕು, ಗೋಳ ಹೀಗೆ ಹನ್ನೆರಡು ಬಗೆಯ ಪೆಟ್ಟಿಗೆಗಳಲ್ಲಿ ಕೂರಿಸಿ ಅಳೆದರು. ಎಲ್ಲಕ್ಕಿಂತ ನಯವಾದ ಗೆರೆ ಬಂದದ್ದು ಗೋಳಕ್ಕೆ. ಮೂಲೆಗಳಿಲ್ಲದ್ದರಿಂದ ಸದ್ದು ಅಂಚಿಗೆ ತಾಗಿ ಚದುರುವುದಿಲ್ಲ. ಚೌಕ ಡಬ್ಬ ಅದರಲ್ಲಿ ಹಿಂದೆ ಬಿತ್ತು. ನಮ್ಮ ಹುಡುಗರು ಓಲ್ಸನ್ ಹೆಸರು ಕೇಳದೆಯೇ ಗೋಳದ ಹತ್ತಿರಕ್ಕೆ ಹೋಗಿದ್ದರು. ದುಂಡಗಿನ ಗೋಡೆ ಚಪ್ಪಟೆ ಹಲಗೆಯಂತೆ ನಡುಗುವುದೂ ಇಲ್ಲ.

ಹಾಗಂತ ಮಡಕೆಯನ್ನು ತಲೆ ಮೇಲೆ ಹೊತ್ತು ಕುಣಿಯುವುದೂ ಬೇಡ. ಮಡಕೆ ಸ್ಪೀಕರಿನ ಸದ್ದು ಬಹಳ ಸಲ ಬರೀ ದಬದಬ. ಅಳತೆ ನೋಡದೆ ಸಿಕ್ಕಿದ ಮಡಕೆಗೆ ಸಿಕ್ಕಿದ ಸ್ಪೀಕರ್ ಕೂರಿಸಿದರೆ ಒಂದು ಸ್ವರ ಮಾತ್ರ ಉಬ್ಬಿ, ತಬಲದ ಎಲ್ಲ ಪೆಟ್ಟೂ ಒಂದೇ ಥರ ಕೇಳುತ್ತದೆ. ಮೃದಂಗದ ಬಲಗಡೆ ಕರಣೆ ಹಾಕುವುದನ್ನು ನೋಡಿದವರಿಗೆ ಇದು ಗೊತ್ತು. ಆ ಕಪ್ಪು ಹಿಟ್ಟು ಇಲ್ಲದಿದ್ದರೆ ಚರ್ಮ ಬರೀ ಗದ್ದಲ ಮಾಡುತ್ತದೆ. ಪದರ ಪದರವಾಗಿ, ಬಾರಿಸಿ ನೋಡುತ್ತಾ, ಅಳೆದು ಹಾಕಿದಾಗಲೇ ಶ್ರುತಿ ಕೂಡುವುದು. ಭಾರತದ ಚರ್ಮವಾದ್ಯಗಳು ಹೀಗೆ ಶ್ರುತಿಬದ್ಧವಾಗಿ ನುಡಿಯುವುದು ಹೇಗೆ ಅಂತ ಸಿ.ವಿ. ರಾಮನ್ 1920ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು. ಕರಣೆ ಹಾಕುವವನು ಮಾಡುವುದೂ ಸ್ಪೀಕರ್ ಎಂಜಿನಿಯರ್ ಮಾಡುವುದೂ ಒಂದೇ ಕೆಲಸ. ನಡುಗುವ ಪೊರೆಯ ತೂಕ, ಬಿಗಿ, ನುಂಗುವಿಕೆ ಮೂರನ್ನೂ ಸರಿದೂಗಿಸುವುದು.

ಮನೆಯಲ್ಲಿ ಮಾಡುವವರಿಗೆ ಈಗ ಈ ಸರಿದೂಗಿಸುವ ವಿದ್ಯೆ ಕೈಗೆಟಕುವಷ್ಟು ಹತ್ತಿರ ಇದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವರ ನಂತರ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ, ಯಾವ ಡ್ರೈವರಿಗೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕು ಅಂತ ಲೆಕ್ಕ ಹಾಕುವ ದಾರಿ ಮಾಡಿಕೊಟ್ಟರು. ಒಳ್ಳೆಯ ಡ್ರೈವರ್ ಕೊಂಡರೆ ಜೊತೆಗೆ ಬರುವ ಕಾಗದದಲ್ಲಿ ಆ ಅಂಕಿಗಳಿರುತ್ತವೆ. ‘ರೂಮ್ ಇಕ್ಯೂ ವಿಜರ್ಡ್’ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಅಳತೆಗೆಂದೇ ಮಾಡಿದ ಮೈಕ್ ಇದ್ದರೆ ಸದ್ದಿನ ಗೆರೆಯನ್ನು ಪರದೆಯ ಮೇಲೆ ನೋಡಬಹುದು. ಮಡಕೆಯ ಗಾತ್ರ ಅಳೆಯುವುದು ಇನ್ನೂ ಸುಲಭ: ಲೀಟರ್ ಚೊಂಬಿನಲ್ಲಿ ನೀರು ತುಂಬಿಸಿ ಎಣಿಸಿ. ಬಾಯಿಯ ಅಂಚಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದರೆ ಗಾಳಿ ಸೋರುವುದಿಲ್ಲ. ಒಳಗೆ ಸಡಿಲವಾಗಿ ಹತ್ತಿ ತುಂಬಿದರೆ, ಹೊರಗೆ ಗೋಣಿ ಬಿಗಿದು ಸುತ್ತಿದರೆ ಮಡಕೆಯ ‘ಠಣ್’ ಅಡಗುತ್ತದೆ.

ನನ್ನನ್ನು ಕೇಳಿದರೆ, ಮೊದಲ ಸಲ ಸ್ಪೀಕರ್ ಮಾಡುವವರು ಸೆರಾಮಿಕ್ ಕೋನಿನ ಆಸೆ ಬಿಡಬೇಕು. ಒಂದು ಆರೂವರೆ ಇಂಚಿನ ಕಾಗದದ ಕೋನು, ಒಂದು ರೇಷ್ಮೆ ಡೋಮ್ ಟ್ವೀಟರ್, 18 ಮಿಲಿಮೀಟರ್ ಪ್ಲೈವುಡ್ಡಿನ ಪೆಟ್ಟಿಗೆ, ಎರಡೂವರೆ ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಬೇರ್ಪಡಿಸುವ ಕ್ರಾಸ್ಓವರ್. ಇದಿಷ್ಟನ್ನು ಅಳೆದು ಮಾಡಿದರೆ ಬರುವ ಸದ್ದು, ಮೇಲೆ ‘2000 ವ್ಯಾಟ್ ಪಿಎಂಪಿಒ’ ಅಂತ ಬರೆದು ಮಾರುವ ಯಾವ ಡಬ್ಬಕ್ಕಿಂತಲೂ ಮೇಲು. ಆ ಪಿಎಂಪಿಒ ಅನ್ನುವುದು ಅಳತೆಯೇ ಅಲ್ಲ, ಮಾರಾಟದ ಮಾತು. ಗೋಡೆಯ ಪ್ಲಗ್ಗಿನಿಂದ ನೂರು ವ್ಯಾಟ್ ಎಳೆಯದ ಡಬ್ಬ ಎರಡು ಸಾವಿರ ವ್ಯಾಟ್ ಸದ್ದು ಎಲ್ಲಿಂದ ತಂದು ಕೊಡುತ್ತದೆ?

ಇಲ್ಲಿಯವರೆಗೆ ಓದಿದವರು ‘ಇದೆಲ್ಲ ಹವ್ಯಾಸದ ಮಾತಾಯ್ತು, ಊರಿಗೇನು’ ಅನ್ನಬಹುದು. ಊರಿಗೇ ಬರುತ್ತೇನೆ.

ಗ್ರಾಮಸಭೆಗೆ ಹೋಗಿದ್ದೀರಾ? ವರದಿ ಮಾಡಲು ಹೋಗುವ ನಮ್ಮಂಥವರು ಮುಂದಿನ ಸಾಲಿನಲ್ಲಿ ಕೂರುತ್ತೇವೆ, ನಮಗೆ ಎಲ್ಲ ಕೇಳುತ್ತದೆ. ಒಮ್ಮೆ ಎದ್ದು ಹಿಂದಕ್ಕೆ ಹೋಗಿ ನಿಲ್ಲಿ. ಅಲ್ಲಿ ಹೆಂಗಸರು ಕೂತಿರುತ್ತಾರೆ, ಮುದುಕರು ಕಂಬಕ್ಕೆ ಒರಗಿರುತ್ತಾರೆ. ಬಾಡಿಗೆಗೆ ತಂದ ಎರಡು ಹಾರ್ನು, ಒಂದು ಶಾಲೆಯ ಗೋಡೆಗೆ, ಇನ್ನೊಂದು ಬೀದಿಗೆ ಮುಖ ಮಾಡಿರುತ್ತದೆ. ಕಾರ್ಯದರ್ಶಿ ಫಲಾನುಭವಿಗಳ ಪಟ್ಟಿ ಓದುತ್ತಿರುತ್ತಾರೆ. ಹಿಂದಿನವರಿಗೆ ಕೇಳುವುದು ಒಂದು ಉದ್ದನೆಯ ‘ವೋ ವೋ’. ಹದಿಮೂರೋ ಹದಿನಾರೋ? ಮನೆ ಮಂಜೂರಾದದ್ದು ಯಾರಿಗೆ? ಕೈ ಎತ್ತಿ ಅಂದಾಗ ಮುಂದಿನವರನ್ನು ನೋಡಿ ಹಿಂದಿನವರೂ ಎತ್ತುತ್ತಾರೆ. ನಡಾವಳಿಯಲ್ಲಿ ‘ಸರ್ವಾನುಮತದಿಂದ’ ಅಂತ ಬರೆದುಕೊಳ್ಳಲಾಗುತ್ತದೆ. ಕೇಳಿಸದ ಮಾತಿಗೆ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ?

ಕನ್ನಡ ಈ ವಿಷಯದಲ್ಲಿ ಸೂಕ್ಷ್ಮ ಭಾಷೆ. ಹಾಲು–ಹಾಳು, ಕಲೆ–ಕಳೆ, ಬೆಲೆ–ಬೆಳೆ. ಒಂದು ನಾಲಿಗೆಯ ಮಡಿಕೆಯಲ್ಲಿ ಅರ್ಥ ಮಗುಚುತ್ತದೆ. ಮಾತಿನ ಬಲ ಇರುವುದು ಸ್ವರಗಳಲ್ಲಿ, ಅರ್ಥ ಇರುವುದು ವ್ಯಂಜನಗಳಲ್ಲಿ. ವ್ಯಂಜನಗಳ ಗುರುತು ಹೆಚ್ಚಾಗಿ ಒಂದು ಸಾವಿರದಿಂದ ನಾಲ್ಕು ಸಾವಿರ ಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಅಡಗಿರುತ್ತದೆ. ಮಂದ್ರವನ್ನು ಉಬ್ಬಿಸಿ ಎದೆ ನಡುಗಿಸಿದರೆ ಮೊದಲು ಸಾಯುವುದು ಈ ಪಟ್ಟಿ.

ತಮಾಷೆ ಅಂದರೆ, ಹಾರ್ನು ಮಾತಿಗೆ ಕೆಟ್ಟ ವಸ್ತುವೇನಲ್ಲ. ಮಂದ್ರ ಅದಕ್ಕೆ ಬರುವುದಿಲ್ಲ, ಮಾತಿನ ಪಟ್ಟಿಯನ್ನು ಮಾತ್ರ ಕಡಿಮೆ ಕರೆಂಟಿನಲ್ಲಿ ದೂರ ಒಯ್ಯುತ್ತದೆ. ಮನೆಯ ಸ್ಪೀಕರಿಗಿಂತ ಅದೇ ಒಂದು ವ್ಯಾಟಿಗೆ ಸುಮಾರು 20 ಡೆಸಿಬೆಲ್ ಹೆಚ್ಚು ಸದ್ದು ಕೊಡುತ್ತದೆ. ಕೆಡುವುದು ನಾವು ಕಟ್ಟುವ ರೀತಿಯಲ್ಲಿ. 50 ಮೀಟರ್ ಅಂತರದಲ್ಲಿ ಎರಡು ಹಾರ್ನು ಕಟ್ಟಿದರೆ, ಒಂದರ ಹತ್ತಿರ ಕೂತವರಿಗೆ ಇನ್ನೊಂದರ ಮಾತು ಸುಮಾರು 0.15 ಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರಲ್ಲಿ ಒಂದು ಅಕ್ಷರ ಮುಗಿದು ಇನ್ನೊಂದು ಶುರುವಾಗಿರುತ್ತದೆ. ಒಂದರ ಮೇಲೊಂದು ಬಿದ್ದು ಮಾತು ಕಲಸಿದ ಮುದ್ದೆಯಾಗುತ್ತದೆ. ಆಗ ನಾವು ಮಾಡುವುದೇನು? ‘ಇನ್ನೊಂದು ಸ್ವಲ್ಪ ಸೌಂಡ್ ಕೊಡಪ್ಪ’ ಅನ್ನುತ್ತೇವೆ. ರೋಗ ಒಂದು, ಮದ್ದು ಇನ್ನೊಂದು.

ಸೌಂಡ್ ಕೊಡುವುದರ ಲೆಕ್ಕವೂ ದುಬಾರಿ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವಿದ್ಯುತ್ ಬೇಕು. ಅದೇ ಸ್ಪೀಕರನ್ನು ಕೇಳುಗರಿಗೆ ಅರ್ಧ ದೂರಕ್ಕೆ ತಂದರೆ ಬಯಲಲ್ಲಿ 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಕಂಬದಿಂದ ಹಾರ್ನು ಇಳಿಸಿ ಹಿಂದಿನ ಸಾಲಿನ ಕಡೆ ಮುಖ ತಿರುಗಿಸುವುದಕ್ಕೆ ಯಾವ ಅನುದಾನವೂ ಬೇಡ.

ಜಾತ್ರೆ, ಗಣಪತಿ ಮೆರವಣಿಗೆ, ಮದುವೆಗಳಲ್ಲಿ ರೋಗ ಇನ್ನೊಂದು ಥರ. ಟ್ರ್ಯಾಕ್ಟರಿನ ಮೇಲೆ ಹದಿನೆಂಟು ಇಂಚಿನ ಬಾಕ್ಸುಗಳ ಗೋಡೆ. ಪಕ್ಕದ ಮನೆಯ ಹೆಂಚು ನಡುಗುತ್ತದೆ, ತೊಟ್ಟಿಲ ಕೂಸು ಬೆಚ್ಚುತ್ತದೆ, ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಳ್ಳುತ್ತದೆ. ಅದರ ಮುಂದೆ ತಮಟೆ, ಡೊಳ್ಳು, ವೀರಗಾಸೆಯವರು ಇದ್ದರೂ ಇಲ್ಲದ ಹಾಗೆ. ಕಲಾವಿದನ ಕೈ ಕಾಣುತ್ತದೆ, ಸದ್ದು ಕೇಳುವುದಿಲ್ಲ. ಬರುವ ವರ್ಷ ‘ಅವರ್ಯಾಕೆ, ಡಿಜೆ ಸಾಕು’ ಅನ್ನುತ್ತಾರೆ.

ಕಾನೂನು ಇಲ್ಲವೇ? ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅಧಿಕಾರವಿದೆ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ವಿವರವಾದ ತೀರ್ಪನ್ನೂ ಕೊಟ್ಟಿದೆ. ಆದರೆ ಪೊಲೀಸರು ಬಂದು ವೈರು ಕೀಳುವುದರಿಂದ ಮಾತ್ರ ಇದು ಸರಿಯಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ವೈರು ಕಿತ್ತರೆ ಸದ್ದು ನಿಲ್ಲುತ್ತದೆ, ಒಳ್ಳೆಯ ಸದ್ದಿನ ರುಚಿ ಬರುವುದಿಲ್ಲ. ಒಳ್ಳೆಯ ಅನ್ನ ಉಂಡವನು ಮಾತ್ರ ಹಳಸಿದ್ದನ್ನು ಬೇಡ ಅನ್ನುತ್ತಾನೆ.

ಈ ರುಚಿ ನಮಗೆ ಹೊಸದೂ ಅಲ್ಲ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಮೈಕು ಅನ್ನುವುದು ಊರಿಗೆ ಬರುವುದಕ್ಕೆ ದಶಕಗಳ ಮೊದಲು. ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ ಕುದುರೆ ತಂದದ್ದನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಆನೆಯ ಪಕ್ಕದಲ್ಲಿ ನಿಂತ ನಟ ಬರಿಯ ಗಂಟಲಿನಿಂದ ಕೊನೆಯ ಸಾಲಿನ ನಾಲ್ಕಾಣೆ ಟಿಕೆಟ್ಟಿನವನಿಗೂ ಮಾತು ಮುಟ್ಟಿಸುತ್ತಿದ್ದ ಅನ್ನುವುದನ್ನು ಮರೆಯುತ್ತೇವೆ. ಕಾಲು ಹಾರ್ಮೋನಿಯಂ, ತಬಲ, ಹಾಡು ಮೂರೂ ಒಂದನ್ನೊಂದು ನುಂಗದೆ ಕೇಳಬೇಕಿತ್ತು. ನಾಲ್ಕಾಣೆಯವನಿಗೆ ಕೇಳದಿದ್ದರೆ ಕಂಪನಿಗೆ ಊಟವಿಲ್ಲ. ಹಿಂದಿನ ಸಾಲಿಗೆ ಹೆದರುವ ಆ ಗುಣವೇ ಇವತ್ತು ನಮ್ಮ ಸಭೆಗಳಲ್ಲಿ ಕಾಣೆಯಾಗಿರುವುದು. ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವೇ ಇದೆ. ಅವರ ಹೆಸರಿಗೆ ಗೌರವ ಅಂದರೆ ಅಲ್ಲಿ ಕೂತ ಕೊನೆಯವನಿಗೂ ಪ್ರತಿ ಅಕ್ಷರ ಕೇಳುವುದು.

ಹಾಗಾದರೆ ಏನು ಮಾಡಬೇಕು? ಮೂರು ಮಾತು ಹೇಳುತ್ತೇನೆ.

ಒಂದು, ಹಿಂದಿನ ಸಾಲಿನ ಪರೀಕ್ಷೆ. ಗ್ರಾಮಸಭೆ ಶುರುವಾಗುವ ಮೊದಲು ವೇದಿಕೆಯಿಂದ ಯಾರಾದರೂ ಇಪ್ಪತ್ತು ಬಿಡಿ ಪದ ಓದಲಿ: ಹಾಲು, ಕಳೆ, ಹದಿಮೂರು, ಬೆಳೆ ಹೀಗೆ. ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಹೈಸ್ಕೂಲ್ ಹುಡುಗಿ ತನಗೆ ಕೇಳಿದ್ದನ್ನು ಬರೆಯಲಿ. ಹದಿನೆಂಟಾದರೂ ಸರಿಯಿದ್ದರೆ ಸಭೆ ನಡೆಯಲಿ. ಇಲ್ಲದಿದ್ದರೆ ಹಾರ್ನು ತಿರುಗಿಸಿ, ಮತ್ತೆ ಓದಿ. ಐದು ನಿಮಿಷದ ಕೆಲಸ. ಫೋನ್ ಕಂಪನಿಗಳು ತಮ್ಮ ಲೈನುಗಳನ್ನು ಪರೀಕ್ಷಿಸಲು ಬಹಳ ಹಿಂದಿನಿಂದ ಇಂಥ ಪದಪಟ್ಟಿಗಳನ್ನೇ ಬಳಸಿವೆ. ಮೈಕ್ ಸೆಟ್ಟಿನವರಿಗೆ ಕೊಡುವ ಬಾಡಿಗೆಯೂ ಬಾಕ್ಸುಗಳ ಸಂಖ್ಯೆ ನೋಡಿ ಅಲ್ಲ, ಈ ಪರೀಕ್ಷೆ ನೋಡಿ ಇರಲಿ. ಆಗ ಅವರಿಗೂ ಕಲಿಯುವ ಕಾರಣ ಸಿಗುತ್ತದೆ. ಈಗ ನಾವು ದುಡ್ಡು ಕೊಡುವುದೇ ಗೋಡೆಯ ಎತ್ತರಕ್ಕೆ.

ಎರಡು, ಕಲಿಕೆ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಹತ್ತು ದಿನದ ಒಂದು ಸ್ಪೀಕರ್ ಕಮ್ಮಟ ಸಾಕು. ಪೆಟ್ಟಿಗೆಗೆ ಬಡಗಿ, ಕಾಯಿಲ್ ಸುತ್ತಲು ಮೋಟಾರ್ ವೈಂಡಿಂಗ್‌ನವರು, ಕೋನಿಗೆ ರಿಪೇರಿ ಅಂಗಡಿಯವರು, ಮಡಕೆಗೆ ಕುಂಬಾರರು. ಎಲ್ಲ ಇಲ್ಲೇ ಇದ್ದಾರೆ. ಸ್ಪೀಕರಿಗೆಂದೇ ದಪ್ಪ ಗೋಡೆಯ, ಅಳತೆಯ ಬಾಯಿಯ ಗಡಿಗೆ ಮಾಡಿಕೊಡಲು ಕುಂಬಾರರಿಗೆ ಹೇಳಿದರೆ ಅವರು ಆಗಲ್ಲ ಅನ್ನುವವರಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಒಂದು ಕಾಲಕ್ಕೆ ತುಮಕೂರಿನಲ್ಲಿ ಎಚ್‌ಎಂಟಿಯವರು ಗಡಿಯಾರ ಮಾಡುತ್ತಿದ್ದರು. ಗಡಿಯಾರ, ಹೆಲಿಕಾಪ್ಟರ್ ಎರಡನ್ನೂ ಕಂಡ ಜಿಲ್ಲೆಗೆ ಒಂದು ನೆಟ್ಟಗಿನ ಸ್ಪೀಕರ್ ಮಾಡುವುದು ಹೆಚ್ಚೇ?

ಮೂರು, ಇದು ಉತ್ಸವ ಸಮಿತಿಯ ಹುಡುಗರಿಗೆ. ಡಿಜೆ ಬೇಡ ಅಂತ ನಾನು ಹೇಳುತ್ತಿಲ್ಲ. ಅರ್ಧ ದುಡ್ಡಿಗೆ ಅರ್ಧ ಬಾಕ್ಸು ತನ್ನಿ, ಉಳಿದರ್ಧ ದುಡ್ಡನ್ನು ತಮಟೆಯವರಿಗೆ, ವೀರಗಾಸೆಯವರಿಗೆ ಕೊಡಿ. ಅವರು ಬಾರಿಸುವಾಗ ಬಾಕ್ಸು ನಿಲ್ಲಿಸಿ. ಯಾವುದಕ್ಕೆ ಜನ ಹತ್ತಿರ ಬರುತ್ತಾರೆ, ಯಾವುದಕ್ಕೆ ಕಿವಿ ಮುಚ್ಚಿಕೊಂಡು ದೂರ ಸರಿಯುತ್ತಾರೆ ಅಂತ ನೀವೇ ನೋಡಿ.

ಲಕ್ಷ ರೂಪಾಯಿಯ ಸೆರಾಮಿಕ್ ಸ್ಪೀಕರ್ ಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಸುಮ್ಮನೆ ಕೂತು ಕೇಳುವುದಕ್ಕೆ ಅಷ್ಟು ಬೆಲೆ ಕೊಡುತ್ತಾರಲ್ಲ, ಆ ಒಂದು ಗುಣ ಕಲಿಯಬೇಕಾದ್ದೇ. ಆದರೆ ಆ ಸುಖ ಒಂದು ಮುಚ್ಚಿದ ಕೋಣೆಯದು, ಒಂದು ಕುರ್ಚಿಯದು. ಊರಿಗೆ ಬೇಕಾದದ್ದು ನೂರು ಕುರ್ಚಿಗೂ ನೆಲದ ಮೇಲೆ ಕೂತವರಿಗೂ ಸಮನಾಗಿ ಮುಟ್ಟುವ ಮಾತು. ಅದಕ್ಕೆ ಬೇಕಾದ ವಸ್ತು ಕಾಗದ, ಮರ, ಮಣ್ಣು ಮತ್ತು ಅಳತೆ. ಮೊದಲ ಮೂರೂ ನಮ್ಮಲ್ಲಿ ಧಾರಾಳ ಇವೆ. ನಾಲ್ಕನೆಯದನ್ನು ತಂದುಕೊಳ್ಳಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ನೀವು ಮೊದಲು ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಕೇಳದಿದ್ದರೆ ಎದ್ದು ನಿಂತು ‘ಕೇಳಿಸ್ತಿಲ್ಲ ಸಾರ್’ ಅನ್ನಿ. ಅದೂ ಸಭೆಯ ನಡಾವಳಿಗೆ ಸೇರಬೇಕಾದ ಮಾತು.